ಕರಿಕಲ್ಲಿನ ನಾಡಿಗೆ ಕಡಲಿನ ಲೆಕ್ಕ

ಬೀದರ ಜಿಲ್ಲೆಯ ಚಿಟಗುಪ್ಪಕ್ಕೆ ಕಡಲು ದೂರ. ಪಶ್ಚಿಮಕ್ಕೆ ನೇರ ಹೊರಟರೂ ಕೊಂಕಣದ ದಂಡೆ ಮುಟ್ಟಲು 400 ಕಿ.ಮೀ.ಗೂ ಹೆಚ್ಚು ಸಾಗಬೇಕು. ಆದರೂ ಚಿಟಗುಪ್ಪ, ಹುಮನಾಬಾದ್, ಬಸವಕಲ್ಯಾಣ ತಾಲ್ಲೂಕುಗಳ ಬದುಕು ನಿಂತಿರುವುದು ಕಡಲಿಗೆ ಸೇರಿದ ಎರಡು ಸಂಗತಿಗಳ ಮೇಲೆ. ಒಂದು ಕಾಲ ಕೆಳಗಿನ ಲಾವಾ ಕಲ್ಲು, ಇನ್ನೊಂದು ತಲೆಯ ಮೇಲಿನ ಮುಂಗಾರು ಮೋಡ. ಆ ಕಲ್ಲು ಸವೆದು ಆದ ಎರೆಮಣ್ಣಿನಲ್ಲಿ ತೊಗರಿ, ಹೆಸರು, ಉದ್ದು ಬೆಳೆಯುತ್ತವೆ. ಮಿರಗದ ಮಳೆ ಬಿದ್ದ ಮೇಲೆ ಕೂರಿಗೆ ಹೊಲಕ್ಕಿಳಿಯುತ್ತದೆ. ಈ ಕಲ್ಲು ಎಲ್ಲಿಂದ ಬಂತು, ಈ ಮಳೆ ಎಲ್ಲಿಂದ ಬರುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರದ ದೊಡ್ಡ ಪಾಲು ಸಿಕ್ಕಿದ್ದು ಸಂಶೋಧನಾ ಹಡಗುಗಳ ದಾಖಲೆ ಪುಸ್ತಕಗಳಲ್ಲಿ. 1959ರಿಂದ 1965ರವರೆಗೆ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾತ್ರೆ ಆ ಪುಸ್ತಕಗಳ ಮೊದಲ ದೊಡ್ಡ ಅಧ್ಯಾಯ. ಆ ಯಾತ್ರೆಯ ಕಥೆಯನ್ನು ಬಯಲುಸೀಮೆಯ ಓದುಗರಿಗೆ ಯಾರೂ ಹೆಚ್ಚು ಹೇಳಿಲ್ಲ. ಅದನ್ನು ಕೇಳುವ ಹಕ್ಕು ಕರಾವಳಿಯವರಿಗೆ ಎಷ್ಟಿದೆಯೋ ನಮಗೂ ಅಷ್ಟೇ ಇದೆ.

ಅಳೆಯದೆ ಉಳಿದಿದ್ದ ಸಾಗರ

ಆಧುನಿಕ ಸಾಗರ ವಿಜ್ಞಾನಕ್ಕೆ ಬುನಾದಿ ಹಾಕಿದ್ದು ಬ್ರಿಟಿಷ್ ಹಡಗು ಚಾಲೆಂಜರ್. 1872ರಿಂದ 1876ರವರೆಗೆ ಅದು ಭೂಮಿಯನ್ನು ಸುತ್ತಿತು. ಆದರೆ ಹಿಂದೂ ಮಹಾಸಾಗರದಲ್ಲಿ ಅದು ಹಾದದ್ದು ದಕ್ಷಿಣದ ತಣ್ಣನೆಯ ಅಂಚನ್ನಷ್ಟೇ. ಮುಂಗಾರು ಹಾದುಬರುವ ಅರಬ್ಬಿ ಸಮುದ್ರದ ಕಡೆಗೆ ಅದು ಬರಲೇ ಇಲ್ಲ. ನಮ್ಮ ಕಡಲಿನ ಕೆಲಸವನ್ನು ಆರಂಭಿಸಿದ್ದು 1874ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪನೆಯಾದ ಭಾರತದ ಸಾಗರ ಸರ್ವೇಕ್ಷಣೆ. ಅದಕ್ಕಾಗಿ ಮುಂಬೈಯಲ್ಲಿ ಕಟ್ಟಿದ ಇನ್ವೆಸ್ಟಿಗೇಟರ್ ಎಂಬ ಹಡಗು 1881ರಲ್ಲಿ ನೀರಿಗಿಳಿಯಿತು. ಹಡಗಿನ ವೈದ್ಯನೇ ಅದರ ಜೀವಶಾಸ್ತ್ರಜ್ಞನೂ ಆಗಿರುತ್ತಿದ್ದ. ಆಲ್ಫ್ರೆಡ್ ಆಲ್ಕಾಕ್, ಅನಂತರ ಸೆಮೂರ್ ಸೀವೆಲ್ ಈ ಹುದ್ದೆಯಲ್ಲಿ ದುಡಿದವರು. ಇದೇ ಸೀವೆಲ್ 1933-34ರಲ್ಲಿ ಮಬಾಹಿಸ್ ಎಂಬ ಈಜಿಪ್ಟಿನ ಹಡಗಿನಲ್ಲಿ ಅರಬ್ಬಿ ಸಮುದ್ರದ ಶೋಧಯಾತ್ರೆಯ ನಾಯಕತ್ವ ವಹಿಸಿದರು.

ಇಷ್ಟಾದರೂ 1950ರ ದಶಕದ ನಕ್ಷೆಗಳಲ್ಲಿ ಹಿಂದೂ ಮಹಾಸಾಗರ ಹೆಚ್ಚೂಕಡಿಮೆ ಖಾಲಿಯಾಗಿಯೇ ಇತ್ತು. 1957ರಲ್ಲಿ ಸಾಗರ ಸಂಶೋಧನೆಯ ಅಂತರರಾಷ್ಟ್ರೀಯ ವೈಜ್ಞಾನಿಕ ಸಮಿತಿ ಅಮೆರಿಕದ ವುಡ್ಸ್ ಹೋಲ್‌ನಲ್ಲಿ ಮೊದಲ ಸಭೆ ಸೇರಿದಾಗ ಈ ಕೊರತೆಯ ಮಾತು ಬಂತು. ವರ್ಷಕ್ಕೆ ಎರಡು ಸಲ ಗಾಳಿ ದಿಕ್ಕು ತಿರುಗಿಸುವ, ಅದರೊಂದಿಗೆ ಪ್ರವಾಹಗಳನ್ನೂ ತಿರುಗಿಸುವ ಕಡಲು ಇದು. ಸುತ್ತಲಿನ ದಡಗಳಲ್ಲಿ ಕೋಟ್ಯಂತರ ರೈತರು ಆ ಗಾಳಿಯನ್ನೇ ನಂಬಿ ಬಿತ್ತುತ್ತಾರೆ. ಹೀಗಿದ್ದೂ ಅದರ ಆಳ, ಉಷ್ಣತೆ, ಉಪ್ಪಿನಂಶಗಳ ಮಾಹಿತಿ ತೀರ ಕಡಿಮೆ. ಹಾಗೆ ಹುಟ್ಟಿದ ಯಾತ್ರೆಯಲ್ಲಿ ಹತ್ತಕ್ಕೂ ಹೆಚ್ಚು ದೇಶಗಳ 40ಕ್ಕೂ ಹೆಚ್ಚು ಹಡಗುಗಳು ಸೇರಿದವು. ಅಮೆರಿಕದ ಅಧ್ಯಕ್ಷರ ವಿಹಾರ ನೌಕೆಯಾಗಿದ್ದ ವಿಲಿಯಮ್ಸ್‌ಬರ್ಗ್ ಅನ್ನು ಬದಲಾಯಿಸಿ, ಆಂಟನ್ ಬ್ರೂನ್ ಎಂದು ಹೆಸರಿಟ್ಟು ಈ ಕೆಲಸಕ್ಕೆ ಕಳಿಸಿದರು. ಭಾರತದಲ್ಲಿ 1960ರಲ್ಲಿ ರಾಷ್ಟ್ರೀಯ ಸಮಿತಿಯೊಂದು ರಚನೆಯಾಯಿತು. ಭೂವಿಜ್ಞಾನಿ ಡಿ. ಎನ್. ವಾಡಿಯಾ ಅದರ ಅಧ್ಯಕ್ಷರು. ಕಾರ್ಯಕ್ರಮವನ್ನು ನಡೆಸಿದವರು ಎನ್. ಕೆ. ಪಣಿಕ್ಕರ್. ನೌಕಾಪಡೆ ಕೊಟ್ಟದ್ದು ಐಎನ್‌ಎಸ್ ಕಿಸ್ತ್ನಾ ಎಂಬ ಯುದ್ಧನೌಕೆಯನ್ನು. ಅದು ಹೊತ್ತಿದ್ದು ಕೃಷ್ಣಾ ನದಿಯ ಹೆಸರನ್ನು. ಬಸವಕಲ್ಯಾಣ ಸೀಮೆಯ ಮುಲ್ಲಾಮಾರಿ ಹೊಳೆ ಕಾಗಿಣಾ, ಭೀಮಾಗಳ ಮೂಲಕ ಕೊನೆಗೆ ಸೇರುವುದು ಇದೇ ಕೃಷ್ಣೆಯನ್ನು.

ಎಲ್ಲಿದ್ದೇವೆ ಎಂಬ ಮೊದಲ ಪ್ರಶ್ನೆ

ಕಡಲಿನಲ್ಲಿ ಯಾವ ಅಳತೆಗೂ ಮೊದಲು ಬೇಕಾದದ್ದು ಜಾಗ ಮತ್ತು ಹೊತ್ತು. ನೀರಿನ ಉಷ್ಣತೆ 28 ಡಿಗ್ರಿ ಎಂದು ಬರೆದರೆ ಸಾಲದು. ಅಕ್ಷಾಂಶ, ರೇಖಾಂಶ, ದಿನಾಂಕ, ಗ್ರೀನಿಚ್ ಸಮಯ ಪಕ್ಕದಲ್ಲಿ ಇಲ್ಲದಿದ್ದರೆ ಆ ಅಂಕಿಗೆ ಬೆಲೆಯಿಲ್ಲ.

ನೆಲದ ಮೇಲೆ ಈ ಕೆಲಸ ಎಷ್ಟು ಗಟ್ಟಿಯಾಗಿ ನಡೆಯಬಲ್ಲದು ಎಂಬುದಕ್ಕೆ ಬೀದರ ಸೀಮೆಯೇ ಸಾಕ್ಷಿ. ಭೂಮಾಪಕ ವಿಲಿಯಂ ಲ್ಯಾಂಬ್ಟನ್ ಕನ್ಯಾಕುಮಾರಿಯ ಕಡೆಯಿಂದ ಉತ್ತರಕ್ಕೆ ಎಳೆದುಕೊಂಡು ಬಂದ ತ್ರಿಕೋನಗಳ ಸರಪಳಿ 1815ರಲ್ಲಿ ಬೀದರಿನ ಬಳಿಗೆ ಮುಟ್ಟಿತು. ಅಲ್ಲಿ ಉಕ್ಕಿನ ಸರಪಳಿಯಿಂದ ಆಧಾರರೇಖೆಯೊಂದನ್ನು ಅಳೆದರು, ದಾಮರಗಿದ್ದಾದಲ್ಲಿ ನಕ್ಷತ್ರಗಳನ್ನು ನೋಡಿ ಅಕ್ಷಾಂಶ ಗೊತ್ತುಮಾಡಿದರು. ಅನಂತರ ಆ ಸರಪಳಿಯನ್ನು ಮುಂದುವರಿಸಿದ ಜಾರ್ಜ್ ಎವರೆಸ್ಟ್ ತಮ್ಮ ಮಹಾ ರೇಖೆಯ ಲೆಕ್ಕಕ್ಕೆ ಇದೇ ದಾಮರಗಿದ್ದಾವನ್ನು ದಕ್ಷಿಣದ ಕೊನೆಯಾಗಿ ಇಟ್ಟುಕೊಂಡರು. 1841ರಲ್ಲಿ ಆಧಾರರೇಖೆಯನ್ನು ಮತ್ತೆ ಅಳೆಯಲಾಯಿತು. ನೆಲದಲ್ಲಿ ನೆಟ್ಟ ಗುರುತು ಅಲುಗುವುದಿಲ್ಲ, ಹಾಗಾಗಿ ಅಳತೆ ತಪ್ಪಿದರೆ ಹಿಂದಿರುಗಿ ಅಳೆಯಬಹುದು.

ಹಡಗಿಗೆ ಆ ಅನುಕೂಲವಿಲ್ಲ. 1960ರ ದಶಕದ ನಾವಿಕರಿಗೆ ಇದ್ದದ್ದು ಸೆಕ್ಸ್ಟೆಂಟ್, ಕ್ರೋನೊಮೀಟರ್, ಪಂಚಾಂಗದ ಕೋಷ್ಟಕಗಳು. ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ ನಕ್ಷತ್ರಗಳೂ ದಿಗಂತದ ಗೆರೆಯೂ ಒಟ್ಟಿಗೆ ಕಾಣುವ ಅಲ್ಪ ಹೊತ್ತಿನಲ್ಲಿ ಕೋನಗಳನ್ನು ಅಳೆದುಕೊಳ್ಳಬೇಕು. ಮಧ್ಯಾಹ್ನ ಸೂರ್ಯನ ಎತ್ತರ ನೋಡಬೇಕು. ಎರಡು ನೋಟಗಳ ನಡುವೆ ವೇಗ, ದಿಕ್ಕು, ಕಳೆದ ಹೊತ್ತು ಸೇರಿಸಿ ಹಡಗು ಇಲ್ಲಿರಬೇಕು ಎಂದು ಅಂದಾಜು ಹಾಕಬೇಕು. ಮುಂಗಾರಿನ ಮೋಡ ಕವಿದರೆ ದಿನಗಟ್ಟಲೆ ನಕ್ಷತ್ರ ಕಾಣುವುದಿಲ್ಲ. ಮುಂಗಾರನ್ನು ಅಳೆಯಲು ಹೋದವರಿಗೆ ಮುಂಗಾರೇ ತಾವಿರುವ ಜಾಗವನ್ನು ಮರೆಮಾಚುತ್ತಿತ್ತು.

ಆದರೆ ಆ ಅಂದಾಜಿನ ತಪ್ಪೂ ಜ್ಞಾನಕ್ಕೆ ಒದಗಿ ಬಂತು. ಹಡಗು ಇರಬೇಕಾಗಿದ್ದ ಜಾಗ ಒಂದು, ನಕ್ಷತ್ರ ತೋರಿಸಿದ ಜಾಗ ಮತ್ತೊಂದು. ಈ ಅಂತರ ಹುಟ್ಟುವುದು ಬಹುಮಟ್ಟಿಗೆ ಪ್ರವಾಹ ಹಡಗನ್ನು ಒಯ್ದದ್ದರಿಂದ. ಸಾವಿರಾರು ಹಡಗುಗಳ ಇಂಥ ಅಂತರಗಳನ್ನು ಕೂಡಿಸಿದರೆ ಸಾಗರದ ಪ್ರವಾಹಗಳ ನಕ್ಷೆಯೇ ಮೂಡುತ್ತದೆ. 1973ರಲ್ಲಿ ಸಾಗರ ವಿಜ್ಞಾನಿ ಕ್ಲೌಸ್ ವಿರ್ಟ್ಕಿ ಇಂಥ ದಾಖಲೆಗಳನ್ನು ಜಾಲಾಡಿ, ಮುಂಗಾರು-ಹಿಂಗಾರುಗಳ ನಡುವಿನ ಅವಧಿಗಳಲ್ಲಿ, ವರ್ಷಕ್ಕೆ ಎರಡು ಸಲ, ಹಿಂದೂ ಮಹಾಸಾಗರದ ಸಮಭಾಜಕದ ಉದ್ದಕ್ಕೂ ಪೂರ್ವಾಭಿಮುಖವಾಗಿ ರಭಸದ ಪ್ರವಾಹವೊಂದು ಹರಿಯುತ್ತದೆಂದು ತೋರಿಸಿದರು. ಇಂದು ಅದಕ್ಕೆ ಅವರದೇ ಹೆಸರಿದೆ. ನಿಷ್ಠೆಯಿಂದ ಬರೆದಿಟ್ಟ ಯಾವ ಅಂಕಿಯೂ ವ್ಯರ್ಥವಲ್ಲ ಎಂಬ ನಂಬಿಕೆ ನನಗೆ ಬಲವಾಗುವುದು ಇಂಥ ಕಡೆ.

ಡೆಕ್ಕಿನ ಮೇಲೆ, ಪ್ರಯೋಗಾಲಯದ ಒಳಗೆ

ನಿಗದಿಯಾದ ಜಾಗಕ್ಕೆ ಬಂದ ಹಡಗು ನಿಲ್ಲುತ್ತದೆ. ವಿಂಚ್ ತಿರುಗಿ ತಂತಿ ನೀರಿಗಿಳಿಯುತ್ತದೆ. ತಂತಿಯಲ್ಲಿ ಅಳತೆ ಅಂತರಕ್ಕೊಂದರಂತೆ ಲೋಹದ ನಾನ್ಸೆನ್ ಬಾಟಲಿಗಳು. ಮೇಲಿನಿಂದ ಬಿಟ್ಟ ಗುಂಡು ತಂತಿಯ ಗುಂಟ ಜಾರಿ ಮೊದಲ ಬಾಟಲಿಗೆ ಬಡಿಯುತ್ತದೆ. ಬಾಟಲಿ ತಲೆಕೆಳಗಾಗಿ ಮುಚ್ಚಿಕೊಂಡು ಆ ಆಳದ ನೀರನ್ನು ಹಿಡಿದಿಡುತ್ತದೆ. ಜೊತೆಗೆ ಮತ್ತೊಂದು ಗುಂಡನ್ನು ಕೆಳಗಿನ ಬಾಟಲಿಗೆ ಕಳಿಸುತ್ತದೆ. ಬಾಟಲಿ ಮಗುಚಿದ ಕ್ಷಣದಲ್ಲಿ ಅದಕ್ಕೆ ಅಂಟಿದ ಥರ್ಮಾಮೀಟರಿನ ಪಾದರಸದ ಎಳೆ ಕಡಿದುಹೋಗುತ್ತದೆ. ಮೇಲೆ ಬಂದ ಮೇಲೂ ಆ ಆಳದ ಉಷ್ಣತೆಯನ್ನೇ ಅದು ತೋರಿಸುತ್ತದೆ.

ತಂತಿ ಎಷ್ಟು ಬಿಟ್ಟೆವೋ ಅಷ್ಟೇ ಆಳ ಎನ್ನುವಂತಿಲ್ಲ. ಗಾಳಿಗೆ ಹಡಗು ಸರಿದರೆ ತಂತಿ ಓರೆಯಾಗುತ್ತದೆ. ಅದಕ್ಕಾಗಿ ಥರ್ಮಾಮೀಟರುಗಳನ್ನು ಜೋಡಿಯಾಗಿ ಕಟ್ಟುತ್ತಿದ್ದರು. ಒಂದಕ್ಕೆ ನೀರಿನ ಒತ್ತಡ ತಾಗದಂತೆ ಗಾಜಿನ ಕವಚ, ಇನ್ನೊಂದಕ್ಕೆ ಇಲ್ಲ. ಎರಡರ ಅಂಕಿಗಳ ವ್ಯತ್ಯಾಸದಿಂದ ಒತ್ತಡವನ್ನೂ, ಒತ್ತಡದಿಂದ ನಿಜವಾದ ಆಳವನ್ನೂ ಲೆಕ್ಕ ಹಾಕುತ್ತಿದ್ದರು. ಉಪ್ಪಿನಂಶ ತಿಳಿಯಲು ಸಿಲ್ವರ್ ನೈಟ್ರೇಟ್, ಆಮ್ಲಜನಕ ತಿಳಿಯಲು ವಿಂಕ್ಲರ್ ವಿಧಾನ. ತೂಗಾಡುವ ಹಡಗಿನಲ್ಲಿ, ಸೆಕೆಯ ಕೋಣೆಯಲ್ಲಿ, ಬ್ಯುರೆಟ್ಟಿನಿಂದ ಹನಿಹನಿಯಾಗಿ ಇಳಿಸುತ್ತ ಬಣ್ಣ ತಿರುಗುವ ಗಳಿಗೆಯನ್ನು ಕಾಯಬೇಕಿತ್ತು. ಹಾಗೆ ಕಾದವರಲ್ಲಿ ಬಹುತೇಕರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಅನೇಕ ದೇಶಗಳು ಅಳೆದ ಅಂಕಿಗಳನ್ನು ಒಂದೇ ನಕ್ಷೆಗೆ ತರಬೇಕಾದರೆ ಅಳತೆಗೋಲು ಒಂದೇ ಇರಬೇಕು. ಉಪ್ಪಿನಂಶಕ್ಕೆ ಕೋಪನ್‌ಹೇಗನ್ನಿನಿಂದ ಬರುತ್ತಿದ್ದ, ಗಾಜಿನ ಕೊಳವೆಯಲ್ಲಿ ಮುಚ್ಚಿಟ್ಟ ಪ್ರಮಾಣಿತ ಸಮುದ್ರದ ನೀರೇ ಆಧಾರವಾಯಿತು. ತೇಲುಜೀವಿಗಳನ್ನು ಹಿಡಿಯಲು ಎಲ್ಲ ಹಡಗುಗಳಿಗೂ ಒಂದೇ ವಿನ್ಯಾಸದ ಬಲೆ, 200 ಮೀಟರ್ ಆಳದಿಂದ ಮೇಲಕ್ಕೆ ಒಂದೇ ಬಗೆಯ ಎಳೆತ. ಆ ಸಂಗ್ರಹಗಳನ್ನು ವಿಂಗಡಿಸಲು ಎರ್ನಾಕುಳಂನಲ್ಲಿ ಹಿಂದೂ ಮಹಾಸಾಗರ ಜೀವಶಾಸ್ತ್ರ ಕೇಂದ್ರ ತೆರೆಯಿತು. 1962ರಿಂದ 1965ರವರೆಗೆ ಕಿಸ್ತ್ನಾ ಅರಬ್ಬಿ ಸಮುದ್ರದಲ್ಲೂ ಬಂಗಾಳ ಕೊಲ್ಲಿಯಲ್ಲೂ ಇಂಥ ಕೆಲಸ ನಡೆಸಿತು. ಸ್ವತಂತ್ರ ಭಾರತದ ಸಾಗರ ವಿಜ್ಞಾನಿಗಳ ಮೊದಲ ಪೀಳಿಗೆ ಪಳಗಿದ್ದು ಅಲ್ಲಿ.

ಕೊಲಾಬಾದ ಕಂಪ್ಯೂಟರು ಮತ್ತು ಮಳೆಯ ಮೂಲ

ಅಂಕಿಗಳ ರಾಶಿಯನ್ನು ಕೈಲೆಕ್ಕದಲ್ಲಿ ಮುಗಿಸುವುದು ಸಾಧ್ಯವಿರಲಿಲ್ಲ. 1963ರಲ್ಲಿ ಮುಂಬೈಯ ಕೊಲಾಬಾ ವೀಕ್ಷಣಾಲಯದಲ್ಲಿ ಅಂತರರಾಷ್ಟ್ರೀಯ ಹವಾಮಾನ ಕೇಂದ್ರ ಆರಂಭವಾಯಿತು. ಹವಾಯಿಯ ಹವಾಮಾನ ವಿಜ್ಞಾನಿ ಕಾಲಿನ್ ರಾಮೇಜ್ ಅದಕ್ಕೆ ದುಡಿದವರಲ್ಲಿ ಪ್ರಮುಖರು. ಐಬಿಎಂ 1620 ಕಂಪ್ಯೂಟರ್ ಅಲ್ಲಿಗೆ ಬಂತು. ಸಂಶೋಧನಾ ಹಡಗುಗಳು, ವ್ಯಾಪಾರದ ಹಡಗುಗಳು, ದಡದ ಬಲೂನುಗಳು, ವಿಮಾನಗಳು ಕಳಿಸಿದ ಗಾಳಿ-ಒತ್ತಡ-ಉಷ್ಣತೆಗಳ ಅಂಕಿಗಳು ಅಲ್ಲಿ ಒಂದೆಡೆ ಸೇರಿದವು. ಸುಳ್ಳು ಅಂಕಿಯನ್ನು ಹೆಕ್ಕಿ ತೆಗೆಯುವುದೇ ದೊಡ್ಡ ಕೆಲಸ. ಒಂದು ರೇಖಾಂಶದಲ್ಲಿ ಪೂರ್ವಕ್ಕೆ ಪಶ್ಚಿಮ ಎಂದು ಬಿದ್ದರೆ ಹಡಗು ಬೇರೊಂದು ಸಾಗರಕ್ಕೇ ಹೋಗಿಬಿಡುತ್ತದೆ.

ಈ ರಾಶಿಯಿಂದಲೇ ನಮ್ಮ ಹೊಲಗಳಿಗೆ ನೇರ ಸಂಬಂಧಿಸಿದ ಒಂದು ವಾದ ಎದ್ದಿತು. ಮುಂಗಾರಿನ ತೇವ ಹುಟ್ಟುವುದೆಲ್ಲಿ? 1965ರಲ್ಲಿ ಮುಂಬೈಯಲ್ಲಿ ನಡೆದ ವಿಚಾರ ಸಂಕಿರಣದಲ್ಲಿ ಹವಾಮಾನ ವಿಜ್ಞಾನಿ ಪಿ. ಆರ್. ಪಿಶಾರಟಿ ಅವರು ಅರಬ್ಬಿ ಸಮುದ್ರದ ಮೇಲ್ಮೈಯಿಂದ ಏಳುವ ಆವಿಯೇ ಮುಖ್ಯ ಎಂದು ಲೆಕ್ಕ ಮುಂದಿಟ್ಟರು. 1970ರಲ್ಲಿ ಕೆ. ಆರ್. ಸಹಾ ಅದನ್ನು ಪ್ರಶ್ನಿಸಿ, ಸಮಭಾಜಕವನ್ನು ದಾಟಿ ದಕ್ಷಿಣ ಗೋಳಾರ್ಧದಿಂದ ಬರುವ ತೇವದ ಪಾಲನ್ನು ಎತ್ತಿ ತೋರಿಸಿದರು. 1981ರಲ್ಲಿ ಕಾಡೆ ಮತ್ತು ರೆವರ್ಡಿನ್ ಎಂಬ ವಿಜ್ಞಾನಿಗಳು 1975ರ ಬೇಸಿಗೆಯ ಮಾಹಿತಿಯನ್ನು ಲೆಕ್ಕ ಹಾಕಿದರು. ಪಶ್ಚಿಮ ಕರಾವಳಿಯನ್ನು ದಾಟುವ ಆವಿಯಲ್ಲಿ ಸುಮಾರು 70 ಪ್ರತಿಶತ ದಕ್ಷಿಣ ಗೋಳಾರ್ಧದ್ದು, ಉಳಿದದ್ದು ಅರಬ್ಬಿ ಸಮುದ್ರದ್ದು ಎಂದು ಅವರಿಗೆ ಕಂಡುಬಂತು. ಹಾಗಾದರೆ ಚಿಟಗುಪ್ಪದ ಹೊಲಕ್ಕೆ ಬೀಳುವ ಮುಂಗಾರಿನ ಹನಿಗಳಲ್ಲಿ ಎಷ್ಟೋ ಸಮಭಾಜಕದ ಆಚೆಯಿಂದ ಹೊರಟು ಬಂದವು. ಕಡಲಲ್ಲಿ ಗಾಳಿಯನ್ನೂ ಆವಿಯನ್ನೂ ಅಳೆದವರಿಲ್ಲದೆ ಈ ಮಾತನ್ನು ಯಾರೂ ಆಡಲಾಗುತ್ತಿರಲಿಲ್ಲ.

ಕಲ್ಲಿನ ಹುಟ್ಟು

ಇನ್ನು ಕಲ್ಲಿನ ಕಥೆ. 1962ರಲ್ಲಿ ಇದೇ ಯಾತ್ರೆಯ ಅಂಗವಾಗಿ ಬ್ರಿಟಿಷ್ ನೌಕಾಪಡೆಯ ಸರ್ವೇಕ್ಷಣಾ ಹಡಗು ಓವೆನ್, ಅರಬ್ಬಿ ಸಮುದ್ರದ ನೈಋತ್ಯಕ್ಕೆ ಕಡಲಿನಡಿ ಮಲಗಿರುವ ಕಾರ್ಲ್ಸ್‌ಬರ್ಗ್ ದಿಣ್ಣೆಯ ಮೇಲೆ ಸಾಲುಸಾಲಾಗಿ ಓಡಾಡಿತು. ಹಿಂದೆ ಎಳೆದುಕೊಂಡು ಹೋಗುತ್ತಿದ್ದ ಮ್ಯಾಗ್ನೆಟೋಮೀಟರ್ ಭೂಕಾಂತದ ಬಲವನ್ನು ಬರೆಯುತ್ತಿತ್ತು. ಎಕೋ ಸೌಂಡರ್ ಆಳವನ್ನು ಕಾಗದದ ಸುರುಳಿಯ ಮೇಲೆ ಗೀಚುತ್ತಿತ್ತು. ಹಡಗಿನಲ್ಲಿದ್ದವರು ಕೇಂಬ್ರಿಜ್ಜಿನ ಡ್ರಮಂಡ್ ಮ್ಯಾಥ್ಯೂಸ್. ಅವರು ತಂದ ಅಂಕಿಗಳನ್ನು ವಿದ್ಯಾರ್ಥಿ ಫ್ರೆಡ್ ವೈನ್ ಕಂಪ್ಯೂಟರಿಗೆ ಹಾಕಿ ಲೆಕ್ಕ ಮಾಡಿದ. ಕಡಲಡಿಯ ಎರಡು ಬೆಟ್ಟಗಳಲ್ಲಿ ಒಂದರ ಕಾಂತತ್ವ ಇಂದಿನ ದಿಕ್ಕಿಗೆ ಇತ್ತು, ಇನ್ನೊಂದರದು ತಿರುಗುಮುರುಗು. ಅಲ್ಲಿಂದ ಹೊಳೆದದ್ದು ದೊಡ್ಡ ವಿಚಾರ. ದಿಣ್ಣೆಯ ನಡುವೆ ಹೊಸ ಲಾವಾ ಉಕ್ಕಿ ಎರಡೂ ಕಡೆಗೆ ಸರಿಯುತ್ತದೆ. ಭೂಕಾಂತ ತಿರುಗಿದಾಗಲೆಲ್ಲ ಕಲ್ಲು ಆ ಕಾಲದ ದಿಕ್ಕನ್ನು ತನ್ನಲ್ಲಿ ಉಳಿಸಿಕೊಳ್ಳುತ್ತದೆ. 1963ರ ಸೆಪ್ಟೆಂಬರಿನಲ್ಲಿ ಇಬ್ಬರೂ ಇದನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇದೇ ವಿಚಾರವನ್ನು ಕೆನಡಾದ ಲಾರೆನ್ಸ್ ಮಾರ್ಲಿ ಸ್ವತಂತ್ರವಾಗಿ ಬರೆದಿದ್ದರೂ ಪತ್ರಿಕೆಗಳು ಅದನ್ನು ತಿರಸ್ಕರಿಸಿದ್ದವು. ಭೂಫಲಕಗಳು ಚಲಿಸುತ್ತವೆ ಎಂಬ ಇಂದಿನ ತಿಳಿವಳಿಕೆಗೆ ಇದು ಗಟ್ಟಿ ಆಧಾರವಾಯಿತು.

ಅಲ್ಲಿಂದ ನಮ್ಮ ದಖನ್ನಿಗೆ ದಾರಿ ನೇರ. ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ. ಅಲ್ಲಲ್ಲಿ ಅದರ ನೆತ್ತಿಯಲ್ಲಿ ಕಾಣುವ ಕೆಂಪು ಜಂಬಿಟ್ಟಿಗೆ ಆ ಕಲ್ಲೇ ಮಳೆಬಿಸಿಲಿಗೆ ಮಾಗಿ ಆದದ್ದು. 1987ರಲ್ಲಿ ಜಾಯ್ಡೀಸ್ ರೆಸಲ್ಯೂಷನ್ ಎಂಬ ಕೊರೆಯುವ ಹಡಗು ಹಿಂದೂ ಮಹಾಸಾಗರದ ತಳದಿಂದ ಕಲ್ಲಿನ ಕಂಬಿಗಳನ್ನು ಮೇಲೆತ್ತಿತು. ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್‌ಗಳ ಸಾಲಿನಲ್ಲಿ ದಕ್ಷಿಣಕ್ಕೆ ಹೋದಂತೆ ಲಾವಾ ಕಲ್ಲಿನ ವಯಸ್ಸು ಕಡಿಮೆಯಾಗುತ್ತ ಹೋಗುತ್ತದೆ ಎಂದು ಅದರಿಂದ ದೃಢಪಟ್ಟಿತು. ಸಾಲಿನ ತುದಿಯಲ್ಲಿ ಇಂದಿಗೂ ಉರಿಯುವ ರಿಯೂನಿಯನ್ ದ್ವೀಪ. ಭಾರತದ ಫಲಕ ಉತ್ತರಕ್ಕೆ ಸಾಗುವಾಗ ಆ ದ್ವೀಪದಡಿಯ, ಲಾವಾ ಉಕ್ಕಿಸುವ ಬಿಸಿ ನೆಲೆಯ ಮೇಲೆ ಹಾದು ಹೋಗಿ ಈ ಹಾದಿಯನ್ನು ಬಿಟ್ಟುಬಂದಿದೆ. ನಮ್ಮ ಬಾವಿ ತೋಡುವಾಗ ಸಿಗುವ ಕಲ್ಲು ಹುಟ್ಟಿದ್ದು ಸಮಭಾಜಕದ ದಕ್ಷಿಣಕ್ಕೆ.

ನಮ್ಮ ಹಡಗುಗಳು

ಯಾತ್ರೆ ಮುಗಿದ ಬೆನ್ನಲ್ಲೇ, 1966ರ ಜನವರಿ 1ರಂದು, ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿತು. ಪಣಿಕ್ಕರ್ ಮೊದಲ ನಿರ್ದೇಶಕರು. ಗೋವಾ ಅದರ ನೆಲೆಯಾಯಿತು. 1976ರಲ್ಲಿ ಅದಕ್ಕೆ ಗವೇಷಣಿ ಹಡಗು ಸಿಕ್ಕಿತು. 1981ರ ಜನವರಿ 26ರಂದು ಗವೇಷಣಿ ಹಿಂದೂ ಮಹಾಸಾಗರದ ತಳದಿಂದ ಮ್ಯಾಂಗನೀಸ್ ಮುಂತಾದ ಲೋಹಗಳ ಗಂಟುಗಳನ್ನು ಎತ್ತಿ ತಂದಿತು. 1983ರಲ್ಲಿ ಜರ್ಮನಿಯಿಂದ 100 ಮೀಟರ್ ಉದ್ದದ ಸಾಗರ ಕನ್ಯಾ ಬಂತು. ಅರಬ್ಬಿ ಸಮುದ್ರದ ತಳದಲ್ಲಿ ಅದು ಗುರುತಿಸಿದ ಬೆಟ್ಟಗಳಿಗೆ ಪಣಿಕ್ಕರ್, ವಾಡಿಯಾ ಹೆಸರುಗಳೇ ಇವೆ.

ಉಪಕರಣಗಳೂ ಬದಲಾದವು. ಬಾಟಲಿ-ಥರ್ಮಾಮೀಟರುಗಳ ಜಾಗಕ್ಕೆ ವಿದ್ಯುನ್ಮಾನ ಸಿಟಿಡಿ ಬಂತು. ಅದು ಇಳಿಯುತ್ತ ಹೋದಂತೆ ಉಷ್ಣತೆ, ಉಪ್ಪಿನಂಶ, ಒತ್ತಡಗಳನ್ನು ಎಡೆಬಿಡದೆ ಕಂಪ್ಯೂಟರಿಗೆ ಕಳಿಸುತ್ತದೆ. ಜಾಗ ಗೊತ್ತುಮಾಡಲು 1967ರಿಂದ ನಾಗರಿಕರ ಬಳಕೆಗೆ ಟ್ರಾನ್ಸಿಟ್ ಉಪಗ್ರಹಗಳು ತೆರೆದುಕೊಂಡವು, 1990ರ ದಶಕದಲ್ಲಿ ಜಿಪಿಎಸ್. ಮೋಡ ಇನ್ನು ಅಡ್ಡಿಯಲ್ಲ. ಆದರೆ ಬಾಟಲಿಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಯಂತ್ರದ ಅಂಕಿಯನ್ನು ತಿದ್ದುವ ಪದ್ಧತಿ ಇಂದಿಗೂ ಉಳಿದಿದೆ.

ಈ ಹಡಗುಗಳಿಗೆ ಕರ್ನಾಟಕದ ನಂಟು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೂಲಕ. 1984ರಲ್ಲಿ ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು ಕಡಲಿನ ಮೇಲ್ಮೈ ಸುಮಾರು 28 ಡಿಗ್ರಿಗಿಂತ ಬಿಸಿಯಾಗಿದ್ದಾಗಲೇ ದೊಡ್ಡ ಮೋಡಗಳ ಕೂಟ ಕಟ್ಟುವ ಸಂಭವ ಹೆಚ್ಚು ಎಂದು ತೋರಿಸಿದ್ದರು. 1999ರ ಜುಲೈ-ಆಗಸ್ಟ್‌ನಲ್ಲಿ ಇದೇ ಸಂಸ್ಥೆಯ ಜಿ. ಎಸ್. ಭಟ್ ಅವರ ಮುಂದಾಳತ್ವದಲ್ಲಿ ಮುಂಗಾರನ್ನು ಅರಿಯುವ ಬಾಬ್ಮೆಕ್ಸ್ ಪ್ರಯೋಗ ನಡೆಯಿತು. ಸಾಗರ ಕನ್ಯಾ ಬಂಗಾಳ ಕೊಲ್ಲಿಯಲ್ಲಿ 17.5 ಡಿಗ್ರಿ ಉತ್ತರ, 89 ಡಿಗ್ರಿ ಪೂರ್ವದಲ್ಲಿ ನಿಂತು ಅಳೆಯಿತು. ಹೆಚ್ಚೂಕಡಿಮೆ ಚಿಟಗುಪ್ಪದ್ದೇ ಅಕ್ಷಾಂಶ ಅದು. ಜುಲೈ ಕೊನೆಗೆ ನದಿಗಳ ಸಿಹಿನೀರು ಅಲ್ಲಿಗೆ ಬಂದು ಮುಟ್ಟಿದ್ದನ್ನು ಹಡಗು ದಾಖಲಿಸಿತು. ಹಗುರವಾದ ಆ ನೀರು ಮೇಲುಗಡೆ ತೆಳುವಾಗಿ ಹರಡಿಕೊಂಡು ಕೊಲ್ಲಿಯ ಮೇಲ್ಮೈ ಬೆಚ್ಚಗೆ ಉಳಿಯಲು ನೆರವಾಗುತ್ತದೆ. ಆ ಬೆಚ್ಚನೆಯ ಮೇಲೆಯೇ ವಾಯುಭಾರ ಕುಸಿತಗಳು ಹುಟ್ಟಿ ಪಶ್ಚಿಮಕ್ಕೆ ಸರಿದು ಬೀದರ, ಕಲಬುರಗಿಗಳಿಗೂ ಮಳೆ ತರುತ್ತವೆ. ಕೊಲ್ಲಿಗೆ ಸಿಹಿನೀರು ಸುರಿಯುವುದರಲ್ಲಿ ಗಂಗಾ-ಬ್ರಹ್ಮಪುತ್ರಗಳದೇ ದೊಡ್ಡ ಪಾಲು. ಮಾಂಜ್ರಾ ನೀರನ್ನು ಹೊತ್ತ ಗೋದಾವರಿಯೂ, ಮುಲ್ಲಾಮಾರಿಯ ನೀರನ್ನು ಹೊತ್ತ ಕೃಷ್ಣೆಯೂ ಅದರಲ್ಲಿ ಸೇರಿವೆ.

ಮೂರು ವರ್ಷದ ಮೇಲೆ, 2002ರಲ್ಲಿ, ಅರಬ್ಬಿ ಸಮುದ್ರದಲ್ಲಿ ಆರ್ಮೆಕ್ಸ್ ಪ್ರಯೋಗ. ಪಶ್ಚಿಮ ಕರಾವಳಿಯ ಧಾರಾಕಾರ ಮಳೆಯನ್ನು ಅರಿಯುವುದು ಅದರ ಒಂದು ಗುರಿ. ಆ ಜುಲೈನಲ್ಲಿ ದೇಶಕ್ಕೆ ಬಂದದ್ದು ವಾಡಿಕೆಯ ಸುಮಾರು ಅರ್ಧ ಮಳೆ ಮಾತ್ರ. ಇಡೀ ಮುಂಗಾರು 19 ಪ್ರತಿಶತ ಕೊರತೆಯಲ್ಲಿ ಮುಗಿಯಿತು. ಭಾರೀ ಮಳೆಯನ್ನು ಅಳೆಯಲು ಹೋದ ಹಡಗು ಬರಗಾಲದ ಕಡಲನ್ನು ಅಳೆದು ಬಂತು. ಮಳೆ ಬಾರದ ವರ್ಷ ಕಡಲ ಮೇಲೆ ಗಾಳಿ, ನೀರು ಹೇಗಿರುತ್ತವೆ ಎಂಬ ಆ ದಾಖಲೆಗೆ ಒಣಬೇಸಾಯದ ನಾಡಿನಲ್ಲಿ ಬೆಲೆ ಕಟ್ಟಲಾಗದು.

ಹೆದ್ದಾರಿಯ ಎರಡು ಕಡೆ

2015ರ ಡಿಸೆಂಬರ್ 4ರಂದು ಗೋವಾದಿಂದ ಸಾಗರ ನಿಧಿ ಹಡಗು ಹೊರಡುವುದರೊಂದಿಗೆ ಎರಡನೆಯ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾತ್ರೆ ಶುರುವಾಯಿತು. ಈಗ ತಾವಾಗಿಯೇ ಮುಳುಗಿ ತೇಲುವ ಆರ್ಗೋ ಯಂತ್ರಗಳಿವೆ, ಲಂಗರು ಹಾಕಿದ ಬೋಯಾಗಳಿವೆ, ಉಪಗ್ರಹಗಳಿವೆ. ಆದರೂ ಬೋಯಾ ನೆಡಲು, ರಿಪೇರಿ ಮಾಡಲು, ಅವುಗಳ ಅಂಕಿ ಸರಿಯೇ ಎಂದು ತಾಳೆ ನೋಡಲು ಹಡಗೇ ಬೇಕು.

ಈ ಅಂಕಿಗಳು ಬಂದು ಸೇರುವ ಜಾಗ ನಮಗೆ ದೂರವಲ್ಲ. 1999ರಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಇನ್ಕಾಯ್ಸ್, ಇರುವುದು ಹೈದರಾಬಾದಿನಲ್ಲಿ. ಹಿಂದೂ ಮಹಾಸಾಗರದ ಆರ್ಗೋ ಮಾಹಿತಿ, 2007ರಿಂದ ಸುನಾಮಿ ಎಚ್ಚರಿಕೆ, ಮೀನುಗಾರರಿಗೆ ದಿನದಿನದ ಸೂಚನೆ ಎಲ್ಲ ಅಲ್ಲಿಂದಲೇ. ಹಿಂದೂ ಮಹಾಸಾಗರ ಯಾತ್ರೆಯ ದಿನಗಳಲ್ಲೇ, 1962ರಲ್ಲಿ, ಆರಂಭವಾದ ಉಷ್ಣವಲಯದ ಹವಾಮಾನ ಸಂಸ್ಥೆ ಪುಣೆಯಲ್ಲಿದೆ. ಪುಣೆಯಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಹುಮನಾಬಾದಿನ ಮೇಲೆಯೇ ಹಾದು ಮುಂದೆ ಮಚಲಿಪಟ್ಟಣದಲ್ಲಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಹುಮನಾಬಾದಿನಿಂದ ಹೈದರಾಬಾದು ಸುಮಾರು 150 ಕಿ.ಮೀ., ಒಂದೇ ದಿನದಲ್ಲಿ ಹೋಗಿ ಬರುವ ದಾರಿ.

ಹಡಗಿಗೆ ಹಾಕುವ ಸರ್ಕಾರದ ಹಣ ಕರಾವಳಿಯವರಿಗಷ್ಟೇ ಸಂಬಂಧಿಸಿದ್ದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದು ತಪ್ಪು. ಮಳೆ ತಡವಾದರೆ ಮೊದಲು ಕಷ್ಟಕ್ಕೆ ಸಿಗುವವರು ಒಣಬೇಸಾಯದವರು. ಹಾಗಾಗಿ ಕಡಲನ್ನು ಬಿಡುವಿಲ್ಲದೆ ಅಳೆಯಿರಿ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೇಳಬೇಕಾದವರೂ ನಾವೇ. ಚಿಟಗುಪ್ಪ, ಹುಮನಾಬಾದ್, ಬಸವಕಲ್ಯಾಣಗಳ ವಿಜ್ಞಾನ ಶಿಕ್ಷಕರಲ್ಲಿ ನನ್ನದೊಂದು ಬೇಡಿಕೆ: ಮುಂದಿನ ಶಾಲಾ ಪ್ರವಾಸದ ಪಟ್ಟಿಯಲ್ಲಿ ಗೋಲ್ಕೊಂಡ, ಚಾರ್ಮಿನಾರುಗಳ ಜೊತೆ ಇನ್ಕಾಯ್ಸ್ ಹೆಸರನ್ನೂ ಬರೆಯಿರಿ, ಮೊದಲೇ ಪತ್ರ ಬರೆದು ಅನುಮತಿ ಕೇಳಿ. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ ಇಡಿಸಿ, ದಿನಾಂಕ, ಹೊತ್ತು, ಜಾಗ ತಪ್ಪದೆ ಬರೆಯುವುದನ್ನು ಮಕ್ಕಳಿಗೆ ಕಲಿಸಿ. ಕಿಸ್ತ್ನಾದ ಮೇಲಿದ್ದವರು ಮಾಡಿದ್ದು ಅದೇ ಕೆಲಸ.